ಸಿದ್ದಯ್ಯನ ಗುಡಿಸಲ ಹಿಂದಿನ ಹೊಗೆ

ನಿಡಘಟ್ಟ ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಬಸ್ಸಿನ ಹಿಂದಿನ ಗಾಲಿ ಪಂಕ್ಚರಾಯಿತು. ಡ್ರೈವರು ಬೈಯುತ್ತ ಇಳಿದ, ಅವನ ಹಿಂದೆ ನಾವೆಲ್ಲ ಇಳಿದೆವು. ಬೆಂಗಳೂರಿನಿಂದ ಮೈಸೂರಿಗೆ ಹೊರಟಿದ್ದೆ. ತುರ್ತಿನ ಕೆಲಸವೇನೂ ಇರಲಿಲ್ಲ. ರಸ್ತೆಯಂಚಿನ ಹುಣಸೆಮರದ ನೆರಳಿಗೆ ಹೋಗಿ ನಿಂತಾಗ ಗಾಳಿ ದಿಕ್ಕು ಬದಲಿಸಿತು. ಎಲ್ಲೋ ಹತ್ತಿರದಲ್ಲಿ ಕಬ್ಬಿನ ಒಣಗರಿ ಉರಿಯುತ್ತಿತ್ತು. ಅದರ ಬೆನ್ನಿಗೇ ಕುದಿಯುವ ಕಬ್ಬಿನ ಹಾಲಿನ ಸಿಹಿ ವಾಸನೆ. ನನ್ನ ಅಂಗೈ ಬೆವರಿತು. ಹಾಡಹಗಲಲ್ಲಿ, ಈ ವಯಸ್ಸಿನಲ್ಲಿ, ಬೆಲ್ಲದ ವಾಸನೆಗೆ ಹೆದರುವ ಮನುಷ್ಯ ಎಂದು ನನ್ನ ಬಗ್ಗೆ ನನಗೇ ನಗು ಬರಬೇಕಿತ್ತು. ಬರಲಿಲ್ಲ.

ನಾನು ಮೈಸೂರಿನ ಕಾಲೇಜಿನಲ್ಲಿ ತತ್ವಶಾಸ್ತ್ರ ಓದಿದವನು. ನೆನಪನ್ನು ಸಾಕ್ಷಿಯೆಂದು ನಂಬಬಾರದು, ನಿನ್ನೆಯದನ್ನು ಇವತ್ತಿನ ಮನಸ್ಸು ತನಗೆ ಬೇಕಾದಂತೆ ತಿದ್ದಿ ಬರೆದುಕೊಳ್ಳುತ್ತದೆ ಎಂದು ಗೆಳೆಯರ ಜೊತೆ ಗಂಟೆಗಟ್ಟಲೆ ವಾದ ಮಾಡಿ ಗೆದ್ದವನು. ಆಮೇಲೆ ಎಷ್ಟೋ ಊರು, ಎಷ್ಟೋ ಕೆಲಸ ಬದಲಿಸಿದೆ; ಆ ವಾದವನ್ನು ಮಾತ್ರ ಬದಲಿಸಲಿಲ್ಲ. ಒಂದೇ ಒಂದು ಮಧ್ಯಾಹ್ನದ ವಿಷಯದಲ್ಲಿ ಅದು ತಿರುಗಿ ನನ್ನನ್ನೇ ಕಚ್ಚುತ್ತ ಬಂದಿದೆ. ಅಂದು ನಾನು ಹೊಗೆ ಕಂಡೆನೇ, ಇಲ್ಲವೇ? ಕಂಡೆ ಎಂದು ಊರ ಮುಂದೆ ಹೇಳಿದ್ದೇನೆ. ಹೇಳಿದ್ದು ಚೆನ್ನಾಗಿ ನೆನಪಿದೆ. ಕಂಡದ್ದರ ಬಗ್ಗೆಯೇ ಅನುಮಾನ.

ಗಾಲಿ ಬದಲಿಸಿಕೊಂಡ ಬಸ್ಸು ಮದ್ದೂರು ತಲುಪಿದಾಗ ಮೈಸೂರಿನ ಟಿಕೇಟು ಜೇಬಿನಲ್ಲಿದ್ದರೂ ಇಳಿದುಬಿಟ್ಟೆ. ಮಳವಳ್ಳಿ ಕಡೆಯ ಬಸ್ಸು ನಿಂತಿತ್ತು. ಹತ್ತಿದೆ.

ಹೋದದ್ದು ಒಂದು ಸಣ್ಣ ಊರಿಗೆ. ಅದನ್ನು ಇಲ್ಲಿ ನಾಲೆಕೊಪ್ಪಲು ಎಂದು ಕರೆಯುತ್ತೇನೆ. ಅದು ಅದರ ಹೆಸರಲ್ಲ, ಇಲ್ಲಿ ಬರುವ ಜನರ ಹೆಸರೂ ಅವರವಲ್ಲ.

ನಾನು ಅಲ್ಲಿಗೆ ಮೊದಲು ಹೋದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಯಾವ ವರ್ಷವೆಂದು ಆಣೆಯಿಟ್ಟು ಹೇಳಲಾರೆ. ಕಾಲೇಜಿನ ಹುಡುಗರೆಲ್ಲ ತರಗತಿ ಬಿಟ್ಟು ಬೀದಿಗಿಳಿದು, ಕೆಲವರು ಜೈಲಿಗೂ ಹೋಗಿ ಬಂದ ಮೇಲಿನ ಸುಗ್ಗಿ ಎಂಬುದಷ್ಟು ಖಚಿತ. ನಾನು ಜೈಲಿಗೆ ಹೋಗಲಿಲ್ಲ. ಬಿ.ಎ. ಮುಗಿಸಿ ಕೆಲಸವಿಲ್ಲದೆ ಮದ್ದೂರಿನ ಮನೆಗೆ ಬಂದಿದ್ದೆ. ನನ್ನ ತಂದೆ, ನಾನು ಕರೆಯುವಂತೆ ಅಬ್ಬಾ, ಪೇಟೆಯಲ್ಲಿ ಎಂಜಿನ್ ರಿಪೇರಿ ಮಾಡುತ್ತಿದ್ದರು. ನಾಲೆ ಬಂದು ಕಬ್ಬು ಬೆಳೆಯತೊಡಗಿದ ಮೇಲೆ ಸುತ್ತಲಿನ ದೊಡ್ಡ ಕುಳಗಳು ಎತ್ತಿನ ಗಾಣ ಬಿಟ್ಟು ಎಂಜಿನ್ ಗಾಣ ಹಾಕಿಸುತ್ತಿದ್ದರು. ಅದು ಕೆಟ್ಟರೆ ಅಬ್ಬಾ ಬೇಕು. ನಾಲೆಕೊಪ್ಪಲಿನ ಪಟೇಲ ಕರೀಗೌಡರ ಆಲೆಮನೆಯಲ್ಲಿ ಎಂಜಿನ್ ನಿಂತಿದೆ ಎಂದು ಕರೆ ಬಂದಾಗ, ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ಸ್ಪ್ಯಾನರು ಹಿಡಿದುಕೊಳ್ಳುವುದು ಮೇಲು ಎಂದು ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು.

ಆಲೆಮನೆ ಊರಿನ ಹೊರಗಿತ್ತು. ಒಂದು ಕಡೆ ಕಬ್ಬಿನ ಗದ್ದೆಗಳು, ಇನ್ನೊಂದು ಕಡೆ ಒಂದು ಬಾವಿ, ಬಾವಿಯಾಚೆ ಪಟೇಲರ ಹುಲ್ಲಿನ ಮೆದೆ. ಮೆದೆಯಿಂದ ಕೂಗಳತೆಯಲ್ಲಿ, ಆಗ ಊರಿನವರು ಹೊಲಗೇರಿ ಎನ್ನುತ್ತಿದ್ದ ಕೇರಿ. ಎಲ್ಲವೂ ಕಬ್ಬಿನ ಗರಿ ಹೊದಿಸಿದ ಗುಡಿಸಲುಗಳು. ಕಬ್ಬು ಕಡಿಯುವವರು, ಗರಿ ಸವರುವವರು, ಹೊರೆ ಹೊರುವವರು ಎಲ್ಲರೂ ಆ ಕೇರಿಯವರೇ. ಅವರು ಹೊರೆಯನ್ನು ಗಾಣದ ಮುಂದೆ ಇಳಿಸಿ ಅಲ್ಲೇ ನಿಲ್ಲಬೇಕು. ಅವರ ಕೈ ಮುಟ್ಟಿದ ಕಬ್ಬಿನಿಂದ ಬಂದ ಹಾಲು ಕೊಪ್ಪರಿಗೆಯಲ್ಲಿ ಕುದಿದು ಬೆಲ್ಲವಾಗಿ ದೇವರ ಮುಂದೆ ಹೋಗುತ್ತಿತ್ತು. ಅವರು ಮಾತ್ರ ಕೊಪ್ಪರಿಗೆಯ ಹತ್ತಿರ ಹೋಗುವ ಹಾಗಿರಲಿಲ್ಲ. ಬಾವಿಯ ಹತ್ತಿರವೂ ಇಲ್ಲ. ಬಾಯಾರಿದರೆ ಬಾವಿಯಿಂದಾಚೆ ಕುಕ್ಕರಗಾಲಲ್ಲಿ ಕೂತು ಬೊಗಸೆ ಒಡ್ಡಬೇಕು, ಪಟೇಲರ ಆಳು ಮೇಲಿನಿಂದ ಹುಯ್ಯಬೇಕು. ಆ ಆಳಿಗೆ ನೀರು ಹುಯ್ಯುವುದೇ ಕೆಲಸವಲ್ಲವಲ್ಲ, ಅವನು ಬಿಡುವಾದಾಗ ಬರುತ್ತಿದ್ದ. ಕೂಲಿಯಾಗಿ ಕೊಡುತ್ತಿದ್ದದ್ದು ತಳ ಹಿಡಿದ ಕರಿ ಬೆಲ್ಲ. ರಾಗಿಯೇ ಸಿಗದ ವರ್ಷದಲ್ಲಿ ಅದನ್ನು ಮಕ್ಕಳಿಗೆ ಎಷ್ಟು ತಿನ್ನಿಸಲು ಸಾಧ್ಯ?

ನಾವು ಹೋದ ಮರುದಿನವೋ ಅದರ ಮರುದಿನವೋ ಶುರುವಾಯಿತು. ಬಿಸಿಲು ಏರಿತ್ತು. ಕಡಿಯುವವರು ಬಾವಿಯಾಚೆ ಸಾಲಾಗಿ ಕೂತಿದ್ದರು. ನೀರು ಹುಯ್ಯುವ ಆಳು ಊಟಕ್ಕೆ ಹೋದವನು ಬರಲಿಲ್ಲ. ಕೂತವರ ಪೈಕಿ ಮಾದಮ್ಮ ಎಂಬಾಕೆ ಎದ್ದಳು. ಗಟ್ಟಿ ಹೆಂಗಸು, ನನಗಿಂತ ಸ್ವಲ್ಪ ದೊಡ್ಡವಳಿದ್ದಿರಬೇಕು. ಕೈಯಲ್ಲಿದ್ದ ಮಚ್ಚನ್ನು ಮಣ್ಣಿಗೆ ಚುಚ್ಚಿ ನಿಲ್ಲಿಸಿ, ಆಲೆಮನೆಯ ಮೇಸ್ತ್ರಿ ಬೋರೇಗೌಡನಿಗೆ ಕೇಳುವ ಹಾಗೆ ಅಂದಳು:

"ನೀರ್ ಉಯ್ಯೋನು ಬಂದ್ಮೇಕೆ ಏಳ್ಕಳ್ಸಿ ಗೌಡ್ರೇ. ಕಬ್ ಕಡ್ಯೋರು ಬತ್ತೀವಿ."

ಅಷ್ಟೇ. ಹೊರಟುಹೋದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಬೋರೇಗೌಡ, "ಏನಮ್ಮೀ ದವಲತ್ತು?" ಎಂದು ಕೂಗಿದ. ಯಾರೂ ತಿರುಗಿ ನೋಡಲಿಲ್ಲ.

ಸಂಜೆಯ ಹೊತ್ತಿಗೆ ಕೇರಿಯವರು ಹೇಳಿ ಕಳಿಸಿದರು: ಬಾವಿಯ ನೀರನ್ನು ನಾವೇ ಸೇದಿಕೊಳ್ಳುತ್ತೇವೆ, ಕೂಲಿಯನ್ನು ರಾಗಿಯಲ್ಲಿ ಕೊಡಿ. ಎರಡೂ ಆಗುವವರೆಗೆ ಮಚ್ಚು ಮುಟ್ಟುವುದಿಲ್ಲ.

ನನಗೆ ಮೈ ಜುಮ್ಮೆಂದಿತು. ನಾನು ಓದಿದ್ದೆಲ್ಲ ಕಣ್ಣೆದುರು ನಡೆಯುತ್ತಿದೆ ಎನ್ನಿಸಿತು. ಮಾರನೆಯ ದಿನ ಕೇರಿಯ ಬೇವಿನ ಮರದ ಕೆಳಗೆ ಹೋಗಿ, ನೀವೊಂದು ಸಂಘ ಕಟ್ಟಬೇಕು ಎಂದೆ. ಮಾದಮ್ಮ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಸಂಗ ಅಂದ್ರೇನ್ ಸಾಬ್ರೇ? ಎಲ್ಲಾ ಒಟ್ಗೆ ಉಪಾಸ ಬೀಳೋದ್ಕೆ ಎಸ್ರಾ?"

ಎಲ್ಲರೂ ನಕ್ಕರು. ಅವಳ ಗಂಡ ಸಿದ್ದಯ್ಯ ಮಾತ್ರ ನಗಲಿಲ್ಲ. ತೆಳ್ಳನೆಯ, ಮಾತು ಕಡಿಮೆಯ ಮನುಷ್ಯ. ಊರಿನ ತಮಟೆ ಅವನ ಮನೆತನದ್ದು. ಪಟೇಲರ ಅಪ್ಪಣೆಯನ್ನು ತಮಟೆ ಹೊಡೆದು ಬೀದಿ ಬೀದಿಯಲ್ಲಿ ಸಾರುವುದು ಅವನ ಕೆಲಸ. ಅವನ ಅಪ್ಪನದೂ ಅದೇ, ತಾತನದೂ ಅದೇ. ಸತ್ತ ದನದ ಚರ್ಮವೆಂದು ಊರಿನ ಬೇರೆ ಯಾರೂ ಆ ತಮಟೆಯನ್ನು ಮುಟ್ಟುತ್ತಿರಲಿಲ್ಲ.

ಆ ನಗುವಾದ ಮೇಲೆ ಹೆದರಿಕೆಯ ದಿನಗಳು. ಅವೆಷ್ಟು ದಿನ ಎಂದು ಕೇಳಬೇಡಿ; ಒಮ್ಮೊಮ್ಮೆ ವಾರವೆನ್ನಿಸುತ್ತದೆ, ಒಮ್ಮೊಮ್ಮೆ ಇಡೀ ಬೇಸಿಗೆ.

ಮೊದಲು ಪಟೇಲರು ನಾಲೆಯ ತೂಬು ಮುಚ್ಚಿಸಿದರು. ಕೇರಿಯವರು ನೀರು ತುಂಬಿಕೊಳ್ಳುತ್ತಿದ್ದದ್ದು ನಾಲೆಯ ಕವಲು ಕಾಲುವೆಯಲ್ಲಿ. ಅದು ಬತ್ತಿ, ತಳದ ಕೆಸರು ಬಿರುಕು ಬಿಟ್ಟಿತು. ಹೆಂಗಸರು ದೂರದ ಕೆರೆಗೆ ಹೋಗಿ ಹೊತ್ತು ತಂದ ನೀರು ಕುಡಿಯಲಿಕ್ಕೇ ಸಾಲದು. ಆಮೇಲೆ ಬೋರೇಗೌಡ ಬರತೊಡಗಿದ. ಅವನು ಯಾರನ್ನೂ ಬೈಯಲಿಲ್ಲ, ಹೊಡೆಯಲಿಲ್ಲ. ದಿನವೂ ಊಟ ಮುಗಿಸಿ ಬಂದು ಕೇರಿಯಂಚಿನ ಬದುವಿನ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ನಿಧಾನವಾಗಿ ಸೇದುತ್ತಿದ್ದ. ಮುಗಿದ ಮೇಲೆ ಮೋಟು ಬೀಡಿಯನ್ನು ಆರಿಸದೆ ಬೆರಳಲ್ಲಿ ಚಿಮ್ಮುತ್ತಿದ್ದ. ಅದು ಗುಡಿಸಲಿನ ಹತ್ತಿರ ಬೀಳುತ್ತಿತ್ತು, ಮೇಲೆ ಅಲ್ಲ. ಯಾರಾದರೂ ಓಡಿ ಹೋಗಿ ತುಳಿಯುತ್ತಿದ್ದರು. ಅವನು ಇನ್ನೊಂದು ಹಚ್ಚುತ್ತಿದ್ದ.

ಬೇಸಿಗೆಯ ಗಾಳಿಗೆ ಗುಡಿಸಲುಗಳ ಗರಿ ಸರಸರ ಎನ್ನುತ್ತಿತ್ತು. ಆ ಸದ್ದನ್ನು ಈಗಲೂ ಸಹಿಸಲಾರೆ. ಕೇರಿಯವರು ಒಲೆ ಹಚ್ಚುವುದನ್ನೂ ಕಡಿಮೆ ಮಾಡಿದರು. ಮುಚ್ಚಳವಿಟ್ಟ ಮಡಕೆಯಲ್ಲಿ ಕೆಂಡ ಕಾಪಾಡಿಕೊಂಡು, ಬೆಳಗ್ಗೆ ಒಂದು ಹೊತ್ತು ಏನೋ ಬೇಯಿಸಿಕೊಳ್ಳುತ್ತಿದ್ದರು. ಊರಿನಲ್ಲಿ ಒಂದು ಕಟ್ಟುಪಾಡಿತ್ತು. ತಮಟೆಯ ಸದ್ದು ಕೇಳಿದರೆ ಸಾರುತ್ತಿದ್ದಾರೆ ಎಂದರ್ಥ, ನಿಂತು ಕೇಳಬೇಕು. ತಟ್ಟೆ, ತಗಡು, ಕೊಳಗ, ಯಾವುದೇ ಲೋಹ ಬಡಿದ ಸದ್ದು ಕೇಳಿದರೆ ಬೆಂಕಿ ಎಂದರ್ಥ, ಕೈಗೆ ಸಿಕ್ಕಿದ ಪಾತ್ರೆ ಹಿಡಿದು ಓಡಬೇಕು. ಕಬ್ಬು, ಹುಲ್ಲು, ಗರಿ ತುಂಬಿದ ಊರಿಗೆ ಅದು ಬೇಕೇ ಬೇಕಿತ್ತು. ಆ ದಿನಗಳಲ್ಲಿ ಯಾವುದೋ ಮನೆಯಲ್ಲಿ ತಟ್ಟೆ ಕೈಜಾರಿ ಬಿದ್ದರೂ ಕೇರಿಯೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿತ್ತು.

ನಮ್ಮದು ಇನ್ನೊಂದು ಅವಸ್ಥೆ. ಎಂಜಿನ್ ರಿಪೇರಿಯೇನೋ ಆಗಿತ್ತು, ಆದರೆ ಕಬ್ಬು ಆಡಿಸಿ ತೋರಿಸುವವರೆಗೆ ಹೊರಡುವ ಹಾಗಿಲ್ಲ ಎಂದರು ಪಟೇಲರು. ಆಡಿಸಲು ಕಬ್ಬು ಕಡಿಯುವವರಿಲ್ಲ. ಗದ್ದೆಯಲ್ಲಿ ಬಲಿತ ಕಬ್ಬು ಸೂಲಂಗಿ ಹೂ ಬಿಟ್ಟು ಒಣಗುತ್ತಿತ್ತು. ಆಲೆಮನೆಯ ಒಲೆ ತಣ್ಣಗಿತ್ತು. ಅಬ್ಬಾ ಎಂಜಿನ್ನಿನ ಒಂದೊಂದು ನಟ್ಟನ್ನೂ ಬಿಚ್ಚಿ ಒರೆಸಿ ಮತ್ತೆ ಹಾಕುತ್ತಿದ್ದರು. ನನಗೆ ಮೆಲ್ಲಗೆ ಹೇಳುತ್ತಿದ್ದರು: "ಬೇಟಾ, ನಾವು ಎಂಜಿನ್ ನೋಡೋಕೆ ಬಂದೋರು. ಎಂಜಿನ್ ಮಾತ್ರ ನೋಡು." ಬೇವಿನ ಮರದ ಕಡೆ ಮತ್ತೆ ಹೋಗಬೇಡ ಎಂದು ಅವರು ಹೇಳಲಿಲ್ಲ. ನನಗೂ ಮತ್ತೆ ಹೋಗುವ ಧೈರ್ಯ ಬರಲಿಲ್ಲ.

ಒಂದು ಬೆಳಗ್ಗೆ ಪಟೇಲರು ಸಿದ್ದಯ್ಯನನ್ನು ಆಲೆಮನೆಯ ಅಂಗಳಕ್ಕೆ ಕರೆಸಿದರು. ನಾನು ಎಂಜಿನ್ನಿನ ಹಿಂದೆಯೇ ಇದ್ದೆ. ಪಟೇಲರು ಕೂಗುವ ಜಾತಿಯವರಲ್ಲ.

"ಲೇ ಸಿದ್ದ, ನಿನ್ ಗುಡ್ಸಲು ನಿಂತಿರೋ ಜಾಗ ಯಾರ್ದ್ಲಾ?"

"ತಮ್ದೇ ಬುದ್ಧಿ."

"ಇವತ್ತು ಮದ್ಯಾನಕ್ಕೆ ತಮ್ಟೆ ಒಡಿ. ನಾಳಿಕೆ ಬೆಳಿಗ್ಗೆ ಮಚ್ಚಿಡ್ಕಂಡ್ ಗದ್ದೆಗಿಳೀದೋರ ಮನೆ ಕಿತ್ತಾಕ್ತೀವಿ ಅಂತ ಸಾರು. ನೀನು ಸಾರಿದ್ರೆ ನಿನ್ ಮನೆ ಉಳೀತದೆ. ಇಲ್ದಿದ್ರೆ ಮೊದ್ಲು ನಿಂದೇಯ."

ಸಿದ್ದಯ್ಯ ನೆಲ ನೋಡುತ್ತ ನಿಂತಿದ್ದ. ಕಾಲ್ಬೆರಳಿನಿಂದ ಮಣ್ಣು ಕೆರೆಯುತ್ತಿದ್ದ.

"ನಮ್ಮೋರ್ಗೆ ನಾನೇ ಎಂಗ್ ಬುದ್ಧಿ ಸಾರ್ಲಿ?"

"ನಿಮ್ಮಪ್ಪ ಸಾರಿಲ್ವಾ? ನಿನ್ಗೇನ್ಲಾ ಒಸದು?"

ಸಿದ್ದಯ್ಯ ಕೈಮುಗಿದು ತಿರುಗಿದ. ಹೊರಟಾಗ ಅವನ ನಡಿಗೆ ನೆಟ್ಟಗಿರಲಿಲ್ಲ. ಕೇರಿಯಲ್ಲಿ ಅಂದು ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಸಿದ್ದಯ್ಯ ತಮಟೆ ಮುಟ್ಟುವುದಿಲ್ಲವಂತೆ ಎಂಬ ಸುದ್ದಿಯಷ್ಟೇ ಆಲೆಮನೆಗೆ ಬಂತು. ಸುದ್ದಿ ತಂದವನು, ಇನ್ನು ಸಿದ್ದಯ್ಯನ ಮನೆ ಹೋಯಿತು ಎಂದೂ ಹೇಳಿದ.

ಮಧ್ಯಾಹ್ನ ನಾನು ಏಣಿಯ ಮೇಲಿದ್ದೆ. ಆಲೆಮನೆಯ ಸೂರಿನಿಂದ ಹೊರಬರುವ ಎಂಜಿನ್ನಿನ ಹೊಗೆ ಕೊಳವೆಯ ಬಾಯಿಯಲ್ಲಿ ಮಸಿ ಕಟ್ಟಿತ್ತು, ಅದನ್ನು ಕೆರೆಯಲು ಅಬ್ಬಾ ಹತ್ತಿಸಿದ್ದರು. ಅಲ್ಲಿಂದ ಬಾವಿ, ಮೆದೆ, ಕೇರಿ ಎಲ್ಲ ಕಾಣುತ್ತಿದ್ದವು. ಬಾವಿಯ ಬಳಿ ಪಟೇಲರ ತಾಯಿ ನಿಂಗಮ್ಮ ನೀರು ಸೇದುತ್ತಿದ್ದರು. ಬದುವಿನ ಮೇಲೆ ಅವತ್ತು ಬೋರೇಗೌಡ ಇರಲಿಲ್ಲ. ಅವನಿಲ್ಲದ್ದು ಇನ್ನಷ್ಟು ಹೆದರಿಕೆ ಹುಟ್ಟಿಸಿತು.

ಇಲ್ಲಿಯವರೆಗೂ ನನಗೆ ಅಷ್ಟೊಂದು ಅನುಮಾನವಿಲ್ಲ. ಇದರ ನಂತರದ ಎರಡು ಗಳಿಗೆಯೇ ಕೈಗೆ ಸಿಗುವುದಿಲ್ಲ.

ಸಿದ್ದಯ್ಯನ ಗುಡಿಸಲು ಕೇರಿಯ ಕೊನೆಯದು, ಮೇಲೆ ಸೋರೆಬಳ್ಳಿ ಹಬ್ಬಿತ್ತು. ಆ ಬಳ್ಳಿಯ ಹಿಂದಿನಿಂದ ಹೊಗೆ ಎದ್ದಿತು. ದಪ್ಪನೆಯ ಹೊಗೆಯಲ್ಲ. ಬಿಳಿಯ, ಎಳೆಯಂತೆ ನೆಟ್ಟಗೆ ಏಳುವ ಹೊಗೆ. ನಾನು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಊರ ಕಡೆಯಿಂದ ತಗಡಿನ ಸದ್ದು, ಡಬಡಬ ಡಬಡಬ. ಹೀಗೆ ನೆನಪಿದೆ. ಆದರೆ ಬೇರೊಂದು ಸಲ ನೆನಪಿಸಿಕೊಂಡರೆ ಮೊದಲು ತಗಡಿನ ಸದ್ದೇ ಕೇಳುತ್ತದೆ, ಆಮೇಲೆ ನಾನು ಕೇರಿಯ ಕಡೆ ತಿರುಗುತ್ತೇನೆ, ಆಗ ಹೊಗೆ ಕಾಣುತ್ತದೆ. ಇನ್ನೊಂದು ಸಲ ಹೊಗೆಯೇ ಇಲ್ಲ, ಕಣ್ಣಿಗೆ ಬಿದ್ದ ಮಸಿ ಇದೆ, ಬಿಸಿಲಿನ ಝಳ ಇದೆ.

ತಗಡು ಬಡಿದದ್ದು ಬೋರೇಗೌಡ. ತಮಟೆಯವನು ಬರುವ ಹಾಗೆ ಕಾಣಲಿಲ್ಲ, ಪಟೇಲರಿಗೆ ಕಾಯುವ ತಾಳ್ಮೆ ಇರಲಿಲ್ಲ. ಊರಿನವರಾರೂ ತಮಟೆ ಮುಟ್ಟುವುದಿಲ್ಲ. ಹಾಗಾಗಿ ಬೋರೇಗೌಡ ಖಾಲಿ ಸೀಮೆಎಣ್ಣೆ ಡಬ್ಬವನ್ನು ಕೊರಳಿಗೆ ಕಟ್ಟಿಕೊಂಡು, ಕಬ್ಬಿನ ತುಂಡಿನಿಂದ ಬಡಿಯುತ್ತ, "ಕೇಳ್ರಪ್ಪೋ ಕೇಳ್ರೀ" ಎಂದು ಹೊರಟಿದ್ದ. ತಾನು ಬಡಿಯುತ್ತಿರುವುದು ಬೆಂಕಿಯ ಸದ್ದು ಎಂಬುದು ಆ ಊರಿನಲ್ಲೇ ಹುಟ್ಟಿ ಬೆಳೆದ ಅವನಿಗೂ ಹೊಳೆಯಲಿಲ್ಲ, ಕಳಿಸಿದ ಪಟೇಲರಿಗೂ ಹೊಳೆಯಲಿಲ್ಲ. ಅವನ ಮಾತು ಯಾರಿಗೂ ಕೇಳಲೇ ಇಲ್ಲ.

ಕೇರಿ ಒಂದೇ ಸಲ ಹೊರಗೆ ಬಿತ್ತು. "ಬೆಂಕೀ! ಬೆಂಕಿ ಮಡಗ್ಬುಟ್ರು ಕಣ್ರಪ್ಪೋ!" ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು, ಬರಿ ಕೊಡ, ಬರಿ ಮಡಕೆ ಹಿಡಿದು ಓಡಿದರು. ಕಾಲುವೆ ಒಣಗಿತ್ತು. ಕೆರೆ ದೂರ. ಇದ್ದದ್ದು ಬಾವಿ. ಎಲ್ಲರ ಮುಂದೆ ಮಾದಮ್ಮ, ಅವಳ ಹಿಂದೆ ಇಡೀ ಕೇರಿ. ನಿಂಗಮ್ಮ ಹಗ್ಗ ಹಿಡಿದುಕೊಂಡೇ ಕಿರುಚಿದರು:

"ಮುಟ್ಬೇಡ್ರೋ! ಬಾವಿ ಮುಟ್ಬೇಡ್ರೋ!"

ಮಾದಮ್ಮ ಬಾವಿಕಟ್ಟೆಯ ಮುಂದೆ ನಿಂತುಬಿಟ್ಟಳು. ಆ ಒಂದು ಕ್ಷಣ ನನ್ನ ನೆನಪಿನಲ್ಲಿ ಅಲುಗಾಡದೆ ಉಳಿದಿದೆ. ಆಮೇಲೆ ನಿಂಗಮ್ಮ ತಿರುಗಿ ತಮ್ಮ ಹುಲ್ಲಿನ ಮೆದೆ ನೋಡಿದರು. ಮೆದೆಯಿಂದ ಕೇರಿಗೆ ಎಷ್ಟು ದೂರ, ಗಾಳಿ ಯಾವ ಕಡೆಗೆ ಎಂದು ಒಂದೇ ನೋಟಕ್ಕೆ ಅಳೆದಿರಬೇಕು. ಹಗ್ಗವನ್ನು ಮಾದಮ್ಮನ ಕೈಗೆ ಎಸೆದರು.

"ನೋಡ್ತಾ ನಿಂತಿದ್ದೀಯಲ್ಲೇ ಮುಂಡೆ! ಎಳಿಯೇ! ಮೆದೆಗೆ ಬಿದ್ರೆ ಊರೇ ಓಯ್ತದೆ, ಎಳೀರೋ!"

ಆಮೇಲೆ ರಾಟೆಯ ಕಿರಿಚಾಟ ನಿಲ್ಲಲೇ ಇಲ್ಲ. ಯಾರ ಕೊಡಕ್ಕೆ ಯಾರ ನೀರು ಎಂಬುದಿಲ್ಲ. ಕೇರಿಯ ಗಂಡಸು ಸೇದಿದ ನೀರನ್ನು ಊರ ಹೆಂಗಸು ಹೊತ್ತಳು. ಮಾದಮ್ಮ ಮೊದಲ ಕೊಡ ಹೊತ್ತು ತನ್ನ ಗುಡಿಸಲ ಹಿಂದೆ ಓಡಿದ್ದನ್ನು ನೋಡಿದೆ. ಕೆಲವರು ಗುಡಿಸಲುಗಳ ಮೇಲೆ ಎರಚಿದರು, ಕೆಲವರು ಮೆದೆಯ ಮೇಲೆ. ಕೊನೆಗೆ ಎಲ್ಲರೂ ಒದ್ದೆಯಾಗಿ, ಏದುಸಿರು ಬಿಡುತ್ತ, ಬೆಂಕಿ ಎಲ್ಲಿ ಎಂದು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಬೆಂಕಿ ಇರಲಿಲ್ಲ. ಡಬ್ಬ ಕೊರಳಿಗೆ ಕಟ್ಟಿಕೊಂಡ ಬೋರೇಗೌಡ ಅಲ್ಲಿಗೆ ಬಂದು ನಿಂತ. ಯಾರೋ ಒಬ್ಬ ಮುದುಕ ನಗಲು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದ. ಆಗಿದ್ದೇನೆಂದು ಎಲ್ಲರಿಗೂ ಒಟ್ಟಿಗೇ ಅರ್ಥವಾಯಿತು. ಇಡೀ ಕೇರಿ ಬಾವಿ ಮುಟ್ಟಿತ್ತು.

ಕೇರಿಯವರ ಮುಖದಲ್ಲಿ ಆಗ ಕಂಡ ಭಯ ಬೆಂಕಿಗಾಗಿ ಓಡುವಾಗಲೂ ಇರಲಿಲ್ಲ.

ಹೊತ್ತು ಮುಳುಗುವ ಮೊದಲೇ ಅರಳಿಕಟ್ಟೆಯಲ್ಲಿ ನ್ಯಾಯ ಸೇರಿತು. ಕೇರಿಯವರನ್ನು ಕಟ್ಟೆಯಿಂದಾಚೆ ನಿಲ್ಲಿಸಿದ್ದರು, ಸಿದ್ದಯ್ಯನನ್ನು ಮುಂದೆ. ಪಟೇಲರ ಮಾತು ನೇರವಾಗಿತ್ತು. ಬಾವಿ ಮೈಲಿಗೆಯಾಗಿದೆ. ಅದಕ್ಕೆ ಕಾರಣ ಕೇರಿ. ಕೇರಿಯ ತಲೆಯಾಳು ಸಿದ್ದ. ಅವನನ್ನು ಕಂಬಕ್ಕೆ ಕಟ್ಟಿ ಹೊಡೆಸಿ, ಮನೆ ಕಿತ್ತು, ಸಂಸಾರವನ್ನು ಊರಾಚೆ ಅಟ್ಟಬೇಕು. ಉಳಿದವರು ನಾಳೆಯಿಂದ ಗದ್ದೆಗೆ ಇಳಿಯಬೇಕು.

ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಕೆಮ್ಮಿದರು. "ಕರೀಗೌಡ, ಬೆಂಕಿ ಬಿದ್ದಾಗ ಬಾವಿಗೆ ಮೈಲ್ಗೆ ಇಲ್ಲ ಕಣಪ್ಪ. ಅದು ಇಂದ್ಲಿಂದ ಬಂದದ್ದು."

"ಬೆಂಕಿ ಬಿದ್ದಿದ್ರೆ ತಾನೇ?"

"ಬಿದ್ದಿತ್ತೋ ಇಲ್ವೋ ಕೇಳಾಣ."

"ಯಾರ್ನ ಕೇಳ್ತೀರಿ? ತಪ್ ಮಾಡ್ದೋರ ಮಾತು ನಡೆಯಾಕಿಲ್ಲ. ನಮ್ಮೋರು ಕಂಡಿಲ್ಲ." ಪಟೇಲರು ಸುತ್ತ ನೋಡಿದರು. ಅವರ ಕಣ್ಣು ಅಂಚಿನಲ್ಲಿ ನಿಂತಿದ್ದ ನಮ್ಮಿಬ್ಬರ ಮೇಲೆ ನಿಂತಿತು. "ಅಕಾ, ಸಾಬ್ರ ಮಗ ಏಣಿ ಮೇಲಿದ್ದ. ಓದಿರೋನು. ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ. ಅವನ್ನೇ ಕೇಳಿ."

ಅವರಿಗೆ ನನ್ನ ಉತ್ತರದ ಬಗ್ಗೆ ಅನುಮಾನವಿರಲಿಲ್ಲ. ಯಾಕಿರಬೇಕು? ಅವರ ಅನ್ನ ತಿನ್ನುತ್ತಿದ್ದೆವು. ಅಬ್ಬಾ ನನ್ನ ಮಣಿಕಟ್ಟನ್ನು ಹಿಡಿದರು. ಹೇಳು ಎಂದೋ, ಬೇಡ ಎಂದೋ, ಬರಿಯ ಭಯದಿಂದಲೋ ನನಗೆ ಇಂದಿಗೂ ಗೊತ್ತಿಲ್ಲ. ಅವರು ಬದುಕಿದ್ದಾಗ ಕೇಳಲಿಲ್ಲ. ಅವರ ಬೆರಳುಗಳಿಗೆ ಎಣ್ಣೆ ಹತ್ತಿದ್ದು ಮಾತ್ರ ನೆನಪಿದೆ.  

"ಹೊಗೆ ಕಂಡೆ," ಎಂದೆ. ದನಿ ನನ್ನದೆನ್ನಿಸಲಿಲ್ಲ. "ಸಿದ್ದಯ್ಯನ ಗುಡಿಸಲ ಹಿಂದೆ."

ಗುಜುಗುಜು ಎದ್ದಿತು. ಪಟೇಲರು ಕೈ ಎತ್ತಿ ನಿಲ್ಲಿಸಿದರು. ನನ್ನನ್ನೇ ನೋಡುತ್ತ, ಬಹಳ ಮೆಲ್ಲಗೆ ಕೇಳಿದರು: "ಡಬ್ಬ ಬಡ್ಯೋಕೆ ಮುಂಚ್ಲೋ, ಆಮೇಕೋ?"

ತತ್ವಶಾಸ್ತ್ರ ಓದಿದವನನ್ನು ಯಾವ ಪರೀಕ್ಷೆಯಲ್ಲೂ ಅಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ.

"ಮುಂಚೆ."

ಹಾಗೆಂದಾಗ ಸಿದ್ದಯ್ಯ ತಟ್ಟನೆ ತಲೆ ಎತ್ತಿ ನನ್ನನ್ನು ನೋಡಿದ. ಅವನನ್ನು ಉಳಿಸುವ ಮಾತು ಅದು. ಆದರೆ ಆ ನೋಟದಲ್ಲಿ ಕೃತಜ್ಞತೆ ಇರಲಿಲ್ಲ. ಪಟೇಲರ ಮುಂದೆ ನಿಂತಾಗಲೂ ಇರದಿದ್ದ ದಿಗಿಲು ಇತ್ತು. ಕತ್ತು ಹಿಡಿದ ಪ್ರಾಣಿಯ ಕಣ್ಣು. ನಾನು ಸುಳ್ಳು ಹೇಳಿದೆನೆಂದು ಅವನಿಗೆ ಗೊತ್ತು, ಅದಕ್ಕೇ ಹೆದರಿದ ಎಂದುಕೊಂಡೆ. ನನ್ನ ಅನುಮಾನದ ಬೀಜ ಅದೇ ನೋಟ.

ಹಿರಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಹಿಂದಿನಿಂದ ನಿಂಗಮ್ಮನ ದನಿ ಬಂತು: "ಅಗ್ಗ ಕೊಟ್ಟೋಳು ನಾನು ಕನಾ ಮಗಾ. ನನ್ನೂ ಕಂಬಕ್ಕೆ ಕಟ್ತೀಯಾ?" ಕಟ್ಟೆಯ ಮೇಲಿದ್ದವರು ನಕ್ಕರು. ಆ ನಗು ಸಿದ್ದಯ್ಯನ ಮನೆಯನ್ನು ಉಳಿಸಿತು. ಬೆಂಕಿ ಬಿದ್ದಿತ್ತು, ಬಾವಿಗೆ ಮೈಲಿಗೆಯಿಲ್ಲ, ಯಾರ ಮೇಲೂ ತಪ್ಪಿಲ್ಲ ಎಂದು ನ್ಯಾಯ ಮುಗಿಯಿತು.

ಗದ್ದೆಯಲ್ಲಿ ಕಬ್ಬು ಒಣಗುತ್ತಲೇ ಇತ್ತು. ಪಟೇಲರಿಗಿಂತ ಸಣ್ಣ ಹಿಡುವಳಿಯ ಗೌಡರಿಗೆ ತಡೆಯಲಾಗಲಿಲ್ಲ. ಅವರೇ ಒಬ್ಬೊಬ್ಬರಾಗಿ ರಾಗಿ ಕೊಡಲು ಒಪ್ಪಿಕೊಂಡರು. ಪಟೇಲರು ಎಲ್ಲರಿಗಿಂತ ಕೊನೆಗೆ, ಬಾಯಿಬಿಟ್ಟು ಹೇಳದೆ, ಒಪ್ಪಿದರು. ಬಾವಿಯ ವಿಷಯವನ್ನು ಯಾರೂ ಮಾತಾಡಲಿಲ್ಲ. ಕಡಿಯುವವರು ಬಾಯಾರಿದಾಗ ಎದ್ದು ಹೋಗಿ ಸೇದಿಕೊಂಡರು. ಊರಿನವರು ಆ ಕಡೆ ನೋಡಲಿಲ್ಲ. ಅನುಮತಿಯೂ ಇಲ್ಲ, ತಡೆಯೂ ಇಲ್ಲ. ಮುಂದಿನ ಸುಗ್ಗಿಯಲ್ಲಿ ಮತ್ತೆ ಜಗಳವಾಯಿತೆಂದು ಕೇಳಿದೆ. ನೋಡಲು ನಾನಿರಲಿಲ್ಲ. ಎಂಜಿನ್ ಕಬ್ಬು ಆಡಿಸಿದ ದಿನವೇ ನಮ್ಮನ್ನು ಹೊರಡಿಸಿದರು. ಆ ದಿಕ್ಕಿನ ಯಾವ ಆಲೆಮನೆಯಿಂದಲೂ ಅಬ್ಬಾನಿಗೆ ಮತ್ತೆ ಕರೆ ಬರಲಿಲ್ಲ. ಗಾಡಿಯಲ್ಲಿ ಬರುವಾಗ ಮದ್ದೂರು ತಲುಪುವವರೆಗೂ ಅವರು ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ರಸ್ತೆಯ ಎರಡೂ ಕಡೆ ಕಬ್ಬು ಆಳೆತ್ತರಕ್ಕೆ ನಿಂತಿತ್ತು.

ಈಗ, ಇಷ್ಟು ಕಾಲದ ನಂತರ, ಬಸ್ಸಿಳಿದು ನಡೆದೆ. ಆಲೆಮನೆಯ ಜಾಗದಲ್ಲಿ ಅಕ್ಕಿ ಗಿರಣಿ ಬಂದಿತ್ತು. ಬಾವಿಗೆ ಕಬ್ಬಿಣದ ಜಾಲರಿ ಮುಚ್ಚಿದ್ದರು, ಪಕ್ಕದಲ್ಲಿ ನಲ್ಲಿ. ಕೇರಿಯ ಮನೆಗಳಿಗೆ ಹೆಂಚು ಬಂದಿತ್ತು. ಕೊನೆಯ ಮನೆಯ ಜಗಲಿಯಲ್ಲಿ ಒಬ್ಬ ಮುದುಕಿ ಬಿಸಿಲಿಗೆ ಮುಖವೊಡ್ಡಿ ಕೂತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. ನಾನು ಯಾರೆಂದು ಹೇಳಿದೆ.

"ಎಂಜಿನ್ ಸಾಬ್ರ ಮಗನಾ? ಸಂಗ ಕಟ್ಟಿ ಅಂದೋರು?" ಮಾದಮ್ಮ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. "ಕುಂತ್ಕಳಿ. ಇನ್ನೂ ಒಂದೂ ಕಟ್ನಿಲ್ವಾ?"

ಸಿದ್ದಯ್ಯ ಹೋಗಿ ಬಹಳ ವರ್ಷವಾಗಿತ್ತು. ಸ್ವಲ್ಪ ಹೊತ್ತು ಅವನ ಬಗ್ಗೆ, ಅಬ್ಬಾನ ಬಗ್ಗೆ ಮಾತಾಡಿದೆವು. ಆಮೇಲೆ ತಡೆಯಲಾರದೆ ಕೇಳಿಬಿಟ್ಟೆ. "ಮಾದಮ್ಮ, ಅವತ್ತು ನಿಜವಾಗಿ ಹೊಗೆ ಇತ್ತೇನಮ್ಮ?"

ಅವಳು ಅಕ್ಕಪಕ್ಕ ಯಾರಿದ್ದಾರೆಂದು ಕಿವಿಗೊಟ್ಟಳು.

"ಇತ್ತು," ಎಂದಳು. "ನಮ್ಮನೆಯೋರು ತಮ್ಟೆ ಕಾಯಿಸ್ತಿದ್ರು."

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ತಮಟೆಯ ಚರ್ಮ ಬಿಗಿಯಾಗಲು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಬೇಕು. ಹೊಡೆಯುವ ಮುಂಚೆ ಪ್ರತಿ ಸಲವೂ. ಹೊಡೆಯದಿದ್ದರೆ ಕಾಯಿಸುವುದಿಲ್ಲ.

"ಒಡಿಯಾಕಿಲ್ಲ ಅಂದಿದ್ರು, ಎಲ್ರ ಮುಂದೆ. ಮನೆಗ್ ಬಂದು ಮಕ್ಕಳ ಮಕ ನೋಡ್ತಾ ಕುಂತ್ರು. ಆಮೇಕೆ ಕೆಂಡದ ಮಡ್ಕೆ ಎತ್ಕಂಡು ಗುಡ್ಸಲ ಇಂದಕ್ಕೆ ಓದ್ರು. ನಂಗೆ ಗೊತ್ತಾಯ್ತು. ಏನಂತ ಬೈಲಿ ಸಾಬ್ರೇ? ನಂಗೂ ದಿಗ್ಲೇ ಇತ್ತು. ಆ ಬೋರನು ವಸಿ ಒತ್ತು ತಡೆದಿದ್ರೆ ನಮ್ಮನೆಯೋರೇ ತಮ್ಟೆ ಬಡ್ಕಂಡು ಬೀದಿಗ್ ಬಂದ್ಬುಡೋರು. ಎಲ್ಲಾ ಮುಗ್ದೋಗದು."

ಕಟ್ಟೆಯ ಮುಂದೆ ಸಿದ್ದಯ್ಯ ನನ್ನನ್ನು ನೋಡಿದ ನೋಟ ಈಗ ಅದರ ಜಾಗಕ್ಕೆ ಬಂದು ಕೂತಿತು. ಹೊಗೆ ಕಂಡವನಿಗೆ ತಮಟೆಯೂ ಕಂಡಿರಬಹುದು, ಇನ್ನೊಂದು ಮಾತು ಕೇಳಿದರೆ ಕೇರಿಯವರ ಮುಂದೆ ಅದನ್ನೂ ಹೇಳಿಬಿಡಬಹುದು ಎಂದು ಅವನು ನಡುಗಿದ್ದ. ನಾನು ಕಂಡದ್ದು ನಿಜ, ಹೇಳಿದ್ದೂ ನಿಜ. ಇದರಿಂದ ಸಮಾಧಾನವಾಗಬೇಕಿತ್ತು. ಕಂಡದ್ದು ಏನನ್ನು ಎಂಬುದು ಮಾತ್ರ ನನಗೆ ಅಂದು ಗೊತ್ತಿರಲಿಲ್ಲ.

"ಆಮೇಲೆ ಯಾರಿಗಾದರೂ ಹೇಳಿದನೇ?"

"ಸಾಯೋಗಂಟ ಇಲ್ಲ. ನಂಗೂ ಏಳ್ನಿಲ್ಲ, ನಾನೂ ಕೇಳ್ನಿಲ್ಲ." ಒಳಗಿನ ಗೋಡೆಯ ಕಡೆ ಕೈ ತೋರಿದಳು. ಅಲ್ಲಿ ಮೊಳೆಗೆ ಒಂದು ಅಗಲದ ಬಳೆ ನೇತುಬಿದ್ದಿತ್ತು. ತಮಟೆಗೆ ಚರ್ಮ ಬಿಗಿಯುವ ಬಳೆ, ಚರ್ಮವಿಲ್ಲದ್ದು. "ಅವತ್ತು ಚರ್ಮ ನೆಂದು ಸೊಟ್ಟಗಾಯ್ತು, ಒಡ್ಯಾಕ್ ಬರ್ನಿಲ್ಲ. ಒಸ ಚರ್ಮ ಕಟ್ನೇ ಇಲ್ಲ ಅವರು. ಊರೋರು ಬೇರೆ ಯಾರ್ನೋ ನೋಡ್ಕಂಡ್ರು."

ಏಣಿಯ ಮೇಲಿಂದ ಕಂಡದ್ದು ಮತ್ತೆ ಕಣ್ಣ ಮುಂದೆ ಬಂತು. ಮೊದಲ ಕೊಡ ಹೊತ್ತ ಮಾದಮ್ಮ, ಬೇರೆಲ್ಲೂ ನೋಡದೆ, ನೆಟ್ಟಗೆ ಗುಡಿಸಲ ಹಿಂದಕ್ಕೆ ಓಡಿದ್ದು.

"ಮಾದಮ್ಮ, ಕೊಡ ಸುರಿಯುವಾಗ ಗಾಬರಿಯಲ್ಲಿ ತಮಟೆ ಅಲ್ಲಿದ್ದದ್ದು ಕಾಣಲಿಲ್ಲವೇನಮ್ಮ?"

ಅವಳು ಪೊರೆಗಟ್ಟಿದ ಕಣ್ಣುಗಳನ್ನು ನನ್ನ ದನಿ ಬಂದ ಕಡೆಗೆ ತಿರುಗಿಸಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಆಗ ನಂಗೆ ಕಣ್ಣು ಚೆನ್ನಾಗಿ ಕಾಣೋವು ಸಾಬ್ರೇ," ಎಂದಳು.